ಕಾಣದಷ್ಟು ಕಬ್ಬಿಣ

ಠಾಣಾ ಕುಶನೂರ
೧೯ ಜೂನ್ ೨೦೨೪

ನನ್ನ ಮಗಳು ಮಹಾಮಾಯಾಗ ಜಯಭೀಮ.

ಸೋಯಾ ಹಿಟ್ಟಿನ ಚೀಲ ಇವತ್ತಿನ ಬೀದರ ಬಸ್ಸಿಗಿ ಹಾಕೇವಿ. ಕಂಡಕ್ಟರ್ ಕುತುಬೋದ್ದೀನ ನಿನಗ ಗೊತ್ತಿದ್ದಾವನೇ. ನೌಬಾದ ಸ್ಟಾಪಿನಾಗ ಮೊದಲೇ ಬಂದು ನಿಂತು ಇಸಕೊ. ಹೋದ ಸಲದಂಗ ತಡಾ ಮಾಡಿ ಅವನಿಗಿ ಚೀಲ ಹೊರಸಬ್ಯಾಡ. ಈ ಚೀಟಿ ಚೀಲದ ಬಾಯಾಗೇ ಇಟ್ಟೀನಿ. ನೋಡಿ ತಗಿ, ಇಲ್ಲಾಂದ್ರ ಇದನ್ನೂ ನಿನ್ನ ಭಟ್ಟಿಗಿ ಹಾಕಿ ಸುಟ್ಟು ಏನರ ಕಂಡು ಹಿಡದೀ.

ಆಯಿ ಫೋನ್ ಯಾಕ ಎತ್ತಂಗಿಲ್ಲ ಅಂತ ನಿಮ್ಮ ಬಾಬಾಗ ಕೇಳಿದಿಯಂತ. ಎತ್ತಿ ಏನ್ ಮಾಡ್ಲಿ? ನನ್ನ ಕಿವಿಗಿ ಅದರಾಗ ಬರೇ ಗುಂಯ್ ಅಂತದ. ನೀ ಒಂದು ಕೇಳ್ತಿ, ನಾ ಇನ್ನೊಂದು ಹೇಳ್ತೀನಿ, ಬಾಬಾ ನಡುವ ನಿಂತು ನಗ್ತಾರ. ಕಾಗದ ಆದ್ರ ಕಣ್ಣಿಗಿ ಕೇಳಸ್ತದ. ಅಂಗನವಾಡಿದಾಗ ಊರ ಪಾರಗೋಳಿಗೆಲ್ಲಾ ಅಕ್ಷರ ತಿದ್ದಿಸಿದಾಕಿ ನಾ, ಮಾತಾಡಿದಂಗೇ ಬರಿತೀನಿ, ಚಂದ ಇಲ್ಲಾಂತ ನಗಬ್ಯಾಡ.

ಬಕ್ರೀದ್ ಆತು, ಜೇಬಾ ಬರ್ಲಿಲ್ಲ. ಎಮ್ಮೆಸ್ಸಿ ಓದುವಾಗ ಮೈಲೂರದಾಗ ನೀವಿಬ್ಬರೂ ಒಂದೇ ಖೋಲಿದಾಗ ಇದ್ರಿ, ಒಂದೇ ತಾಟಿನಾಗ ಉಂಡ್ರಿ. ಹಬ್ಬದ ಮರುದಿನ ಅಕಿ ಭಾಲ್ಕಿಯಿಂದ ಬಂದು ನನ್ನ ಕೈಯಾನ ರೊಟ್ಟಿ ತಿಂದೇ ಹೋಗ್ತಿದ್ಳು. ಈ ವರ್ಷ ಏನಾತು? ಜಗಳ ಆಡೀರೇನು? ಆಡಿದ್ರ ತಪ್ಪು ನಿಂದೇ ಇರಬೇಕು ಬಿಡು. ಅಕಿ ಮಾರಿ ಮ್ಯಾಲೆ ಹೇಳಿಬಿಡ್ತಾಳ, ನೀ ಹೊಟ್ಟಿದಾಗ ಇಟ್ಕೊಂಡು ಕೂಡ್ತಿ.

ಹೊತ್ತಿಗಿ ಸರಿಯಾಗಿ ಉಣ್ಣು.

ನಿನ್ನ ಆಯಿ
ಸುಭದ್ರಾಬಾಯಿ


ಮೈಲೂರ, ಬೀದರ
೧೧ ಜುಲೈ ೨೦೨೪

ಆಯಿಗೆ ಜಯಭೀಮ.

ಚೀಲವೂ ಸಿಕ್ಕಿತು, ಚೀಟಿಯೂ ಸಿಕ್ಕಿತು. ಚೀಟಿಯನ್ನು ಸುಡಲಿಲ್ಲ, ಹೆದರಬೇಡ.

ಸುದ್ದಿ ಕೇಳು. ನನ್ನ ಲೇಖನ ಅಚ್ಚಾಯಿತು! ದೊಡ್ಡ ಪತ್ರಿಕೆ, ಹೊರದೇಶದ್ದು. ನಮ್ಮ ಮಾರ್ಗದರ್ಶಕ ಪ್ರವೀಣಕುಮಾರ ಸರ್ ಕಾಲೇಜಿಗೆಲ್ಲ ಪೇಡೆ ಹಂಚಿದರು. ಡಿಸೆಂಬರಿನಲ್ಲಿ ಪ್ರಬಂಧ ಸಲ್ಲಿಸಿದರೆ ನಾನು ಡಾಕ್ಟರ್ ಮಹಾಮಾಯಾ. ಬಾಬಾಗೆ ಹೇಳು, ಈಗಿನಿಂದಲೇ ಊರಲ್ಲಿ ಸಾರಿಕೊಂಡು ಬರಬೇಡ ಅಂತಲೂ ಹೇಳು.

ನೀನು ಪ್ರತಿ ಸಲ ಕೇಳುತ್ತೀಯ, ‘ಹಿಟ್ಟು ಸುಟ್ಟು ಮಸಿ ಮಾಡೂದಕ್ಕ ಯಾಕ ಇಷ್ಟು ಓದಬೇಕವ್ವಾ?’ ಎಂದು. ಈ ಸಲ ಸರಿಯಾಗಿ ಹೇಳುತ್ತೇನೆ. ಇಂಧನ ಕೋಶ ಎಂಬುದೊಂದಿದೆ. ಅದಕ್ಕೆ ಒಂದು ಕಡೆಯಿಂದ ಹೈಡ್ರೋಜನ್ ಕೊಟ್ಟರೆ, ಇನ್ನೊಂದು ಕಡೆಯಿಂದ ಗಾಳಿ ಕೊಟ್ಟರೆ, ಕರೆಂಟು ಬರುತ್ತದೆ. ಹೊಗೆ ಇಲ್ಲ, ಬರೀ ನೀರು ಹೊರಬೀಳುತ್ತದೆ. ಆದರೆ ಗಾಳಿಯೊಳಗಿನ ಆಮ್ಲಜನಕ ಭಾರೀ ಹಟಮಾರಿ. ಒಡೆದು ನೀರಾಗು ಅಂದರೆ ಸುಲಭಕ್ಕೆ ಆಗುವುದಿಲ್ಲ. ಅದನ್ನು ಪುಸಲಾಯಿಸುವ ವಸ್ತುವಿಗೆ ವೇಗವರ್ಧಕ ಎನ್ನುತ್ತಾರೆ. ಎಲ್ಲರೂ ಅದಕ್ಕೆ ಪ್ಲಾಟಿನಮ್ ಬಳಸುತ್ತಾರೆ, ಅದು ಭಾರೀ ದುಬಾರಿ ಲೋಹ. ಸೋಯಾದಲ್ಲಿ ಸಾರಜನಕ ತುಂಬಿದೆ. ಗಾಳಿ ತಾಗದಂತೆ ಅದನ್ನು ಕುಲುಮೆಯಲ್ಲಿ ಸುಟ್ಟರೆ, ಆ ಸಾರಜನಕ ಮಸಿಯ ಒಳಗೇ ಮನೆ ಮಾಡಿಕೊಳ್ಳುತ್ತದೆ. ನಿನ್ನ ಹಿಟ್ಟಿನ ಮಸಿ ಹೆಚ್ಚುಕಡಿಮೆ ಪ್ಲಾಟಿನಮ್ಮಿನ ಕೆಲಸವನ್ನೇ ಮಾಡುತ್ತಿದೆ. ಅದೂ ಯಾವ ಲೋಹವೂ ಇಲ್ಲದೆ. ‘ಲೋಹರಹಿತ’ ಎಂಬ ಮಾತು ಲೇಖನದ ಹೆಸರಿನಲ್ಲೇ ಇದೆ. ಎಲ್ಲರೂ ಬೆರಗಾದದ್ದು ಅದಕ್ಕೇ.

ಜೇಬಾಳ ಜೊತೆ ಜಗಳವೇನಿಲ್ಲ. ಅವಳೀಗ ಭಾಲ್ಕಿಯ ಕಾಲೇಜಿನಲ್ಲಿ ನನ್ನ ಮಸಿಯನ್ನೇ ಮಾಡಿಕೊಂಡು ಪೂರ್ತಿ ಕೋಶ ಕಟ್ಟುವ ಸಂಶೋಧನೆಗೆ ಇಳಿದಿದ್ದಾಳೆ. ಇಬ್ಬರಿಗೂ ಕೆಲಸ ಜಾಸ್ತಿ, ಅಷ್ಟೇ.

ನಿನ್ನ
ಮಾಯಾ


ಭಾಲ್ಕಿ
೨೩ ಆಗಸ್ಟ್ ೨೦೨೪

ಮಾಯಾ,

ಫೋನ್ ಮಾಡಿ ಮಾಡಿ ನನಗೇ ನಾಚಿಕೆಯಾಯಿತು. ಮೆಸೇಜು ಹಾಕಿದರೆ ನೋಡಿ ಸುಮ್ಮನಾಗುತ್ತೀಯ. ಅದಕ್ಕೇ ಕಾಗದ. ಹರಿದು ಎಸೆಯಬೇಕೆಂದರೂ ಇದನ್ನು ಒಮ್ಮೆ ಕೈಯಲ್ಲಿ ಹಿಡಿಯಲೇಬೇಕಲ್ಲ.

ನಿನ್ನ ಮಸಿ ನನ್ನ ಕೈಯಲ್ಲಿ ಆಗುತ್ತಿಲ್ಲ. ಅಚ್ಚಾಗುವ ಮೊದಲೇ, ಚಳಿಗಾಲದಲ್ಲಿ, ನೀನು ನಿನ್ನ ಬರಹದ ಪ್ರತಿ ಕೊಟ್ಟಿದ್ದೆಯಲ್ಲ, ಅಂದಿನಿಂದ ಇದೇ ಹಾಡು. ಪೇಟೆಯಿಂದ ಒಳ್ಳೆಯ ಸೋಯಾ ತಂದೆ. ತೊಳೆದು ಒಣಗಿಸಿ ಬೀಸಿದೆ. ನೀನು ಬರೆದಷ್ಟೇ ಬಿಸಿ, ನೀನು ಬರೆದಷ್ಟೇ ಹೊತ್ತು, ನೀನು ಬರೆದ ಆಮ್ಲದಲ್ಲೇ ತೊಳೆದದ್ದು. ಬರುವುದು ಬರೀ ಇದ್ದಿಲು. ಆಮ್ಲಜನಕ ಅದರ ಕಡೆ ತಿರುಗಿಯೂ ನೋಡುವುದಿಲ್ಲ.

ನಮ್ಮ ಸರ್ ಎಲ್ಲರೆದುರು ಅಂದರು, ‘ಬೀದರದಾಗ ಆಗತದ, ಭಾಲ್ಕಿದಾಗ ಆಗಂಗಿಲ್ಲ ಅಂದ್ರ ತಪ್ಪು ಸೋಯಾದ್ದಲ್ಲವ್ವಾ, ನಿನ್ನ ಕೈದು.’ ಮಾಯಾ, ನನ್ನ ಕೈ ಹೇಗೆಂದು ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಎಮ್ಮೆಸ್ಸಿಯ ಲ್ಯಾಬಿನಲ್ಲಿ ನಿನ್ನ ಗಾಜಿನ ಲೋಟಗಳನ್ನೂ ನಾನೇ ತೊಳೆದುಕೊಡುತ್ತಿದ್ದೆ, ನೀನು ತೊಳೆದರೆ ಕಲೆ ಉಳಿಯುತ್ತದೆಂದು.

ನವೆಂಬರ್ ಕೊನೆಗೆ ಸಮಿತಿ ಕೂರುತ್ತದೆ. ಅಷ್ಟರೊಳಗೆ ಒಂದು ಕೋಶವಾದರೂ ನಡೆಯದಿದ್ದರೆ ಸಂಶೋಧನೆಯಿಂದ ನನ್ನ ಹೆಸರು ತೆಗೆಯುತ್ತಾರೆ. ಅಣ್ಣ ಯುನುಸ ಸಿಕ್ಕಸಿಕ್ಕವರಿಗೆಲ್ಲ ತಂಗಿ ಡಾಕ್ಟರ್ ಆಗುತ್ತಾಳೆಂದು ಹೇಳಿಕೊಂಡು ತಿರುಗಿದ್ದಾನೆ. ಅವನಿಗೆ ಯಾವ ಮುಖ ತೋರಿಸಲಿ?

ನೀನು ಲೇಖನದಲ್ಲಿ ಬರೆಯದೆ ಬಿಟ್ಟದ್ದು ಏನಾದರೂ ಇದೆಯಾ? ಸಿಟ್ಟಿನಿಂದ ಕೇಳುತ್ತಿಲ್ಲ. ಹೆದರಿ ಕೇಳುತ್ತಿದ್ದೇನೆ.

ಜೇಬಾ


ಮೈಲೂರ, ಬೀದರ
೪ ಸೆಪ್ಟೆಂಬರ್ ೨೦೨೪

ಆಯಿಗೆ ಜಯಭೀಮ.

ಇದನ್ನು ಓದಿದ ಕೂಡಲೇ ಉತ್ತರ ಬರೆದು ಬಸ್ಸಿಗೆ ಹಾಕು. ನಾಳೆ ನಾಡಿದ್ದು ಅನ್ನಬೇಡ.

ಒಂದು ಪರೀಕ್ಷೆಗೆಂದು ಬೀದರದ ಗಂಜ್ ಪೇಟೆಯಿಂದ ಸೋಯಾ ತಂದು, ನಮ್ಮ ಓಣಿಯ ಗಿರಣಿಯಲ್ಲಿ ಬೀಸಿಸಿ, ಅದೇ ಕುಲುಮೆಯಲ್ಲಿ ನನ್ನ ಕೈಯಾರೆ ಸುಟ್ಟೆ. ಏನೂ ಇಲ್ಲ. ಸತ್ತ ಮಸಿ. ಮತ್ತೆ ಮಾಡಿದೆ, ಮತ್ತೆ ಅದೇ. ಮರುದಿನ ನಿನ್ನ ಚೀಲದ ತಳದಲ್ಲಿ ಉಳಿದಿದ್ದ ಹಿಟ್ಟು ಹಾಕಿದೆ. ಎಂದಿನಂತೆ ನಡೆಯಿತು.

ಅಂದಿನಿಂದ ಊಟ ಸೇರುತ್ತಿಲ್ಲ. ಲೇಖನದಲ್ಲಿ ನಾನು ‘ಸ್ಥಳೀಯ ಸೋಯಾ ಹಿಟ್ಟು’ ಎಂದು ಬರೆದು ಮುಂದೆ ಹೋಗಿಬಿಟ್ಟಿದ್ದೇನೆ. ಸ್ವಚ್ಛ ಮಾಡಿ ನುಣ್ಣಗೆ ಬೀಸಿ ಕಳಿಸು ಎಂದಷ್ಟೇ ನಿನಗೆ ಹೇಳಿದ್ದು, ನೀನು ಅಷ್ಟೇ ಮಾಡಿರುತ್ತೀಯ ಎಂದು ತಿಳಿದದ್ದು. ಹೊಲದಿಂದ ಬಂದ ಕಾಳಿಗೆ ನೀನು ಏನೇನು ಮಾಡುತ್ತೀಯ, ಒಂದೂ ಬಿಡದೆ ಬರೆ. ಯಾವ ನೀರು, ಯಾವ ಪಾತ್ರೆ, ಎಲ್ಲ.

ಜೇಬಾ ಆರಾಮಿದ್ದಾಳೆ.

ಮಾಯಾ


ಠಾಣಾ ಕುಶನೂರ
೯ ಸೆಪ್ಟೆಂಬರ್ ೨೦೨೪

ಮಹಾಮಾಯಾಗ ಜಯಭೀಮ.

ಅಯ್ಯ, ಇದೇನು ಪೊಲೀಸರು ಕೇಳಿದಂಗ ಕೇಳಾಕತ್ತಿದಿ! ಈ ಮನೀದಾಗೇ ಹುಟ್ಟಿ ಬೆಳದಾಕಿ, ಆಯಿ ಸೋಯಾಕ್ಕ ಏನ್ ಮಾಡ್ತಾಳ ನಿನಗ ಗೊತ್ತಿಲ್ಲೇನು? ಹಸಿ ಕಾಳು ಹಂಗೇ ಬೀಸಿ ಕೊಡ್ಲಿಕ್ಕ ನಾ ಗಿರಣಿಯವನೇನು? ಹಸೀದು ವಾಸನಿ ಬರತದ, ಹೊಟ್ಟಿ ಕೆಡತದ.

ಬರಕೊ. ಕಾಳು ಹಸನ ಮಾಡಿ ಕಬ್ಬಿಣದ ಕಡಾಯಿಗಿ ಹಾಕ್ತೀನಿ. ಹುಣಸಿ ಹುಳಿ ಕಿವುಚಿ ಆ ನೀರು ಹಾಕಿ ಅದರಾಗೇ ನೆನಿ ಇಡ್ತೀನಿ. ಮುಂಜಾನಿ ನೀರು ಕರ್ರಗ ಆಗಿರತದ. ಅದು ಚೆಲ್ಲಂಗಿಲ್ಲ. ಅದರಾಗೇ ಕುದಿಸಿ, ನೀರು ಇಂಗಿಸಿ, ಅದೇ ಕಡಾಯಿದಾಗ ಘಮ್ಮನ್ನತನಾ ಹುರಿತೀನಿ. ಆಮ್ಯಾಲ ಬಿಸಲಿಗಿ ಒಣಗಿಸಿ ಬೀಸಸ್ತೀನಿ. ಆತಿಲ್ಲೋ?

ನಾ ಅಂಗನವಾಡಿಗಿ ಸೇರಿದ ವರ್ಷ ನರ್ಸಬಾಯಿ ಬಂದು ಹೇಳಿದ್ಳು, ‘ಸುಭದ್ರಾಬಾಯಿ, ಊರಾಗಿನ ಪಾರಗೋಳು ಬಿಳಚಿಕೊಂಡಾವ. ಕಬ್ಬಿಣದ ಕಡಾಯಿದಾಗ ಹುಳಿ ಹಾಕಿ ಮಾಡ್ರಿ, ಮೈಯಾಗ ರಕ್ತ ಆಗತದ.’ ಆವತ್ತಿನಿಂದ ನಾ ಬ್ಯಾರೆ ಥರ ಮಾಡಿದ್ದೇ ಇಲ್ಲ. ನೀ ಆ ಹಿಟ್ಟಿನ ಉಂಡಿ ತಿಂದೇ ಇಷ್ಟೆತ್ತರ ಆದಾಕಿ. ಜೇಬಾಳೂ ‘ಆಯಿ, ಕರಿ ಉಂಡಿ ಕೊಡ್ರಿ’ ಅಂತ ಕೇಳಿ ಕೇಳಿ ತಿಂದಾಳ.

ಇಷ್ಟು ಸಣ್ಣ ಮಾತಿಗಿ ಊಟ ಬಿಟ್ಟರ ಹ್ಯಾಂಗ? ಉಣ್ಣು ಮೊದಲು.

ನಿನ್ನ ಆಯಿ
ಸುಭದ್ರಾಬಾಯಿ


ಮೈಲೂರ, ಬೀದರ
೬ ಅಕ್ಟೋಬರ್ ೨೦೨೪

ಆಯಿಗೆ ಜಯಭೀಮ.

ನಿನ್ನ ಕಾಗದ ಓದುತ್ತ ಮೊದಲು ನಗು ಬಂತು. ಕಡಾಯಿಯ ಸಾಲನ್ನು ಮತ್ತೆ ಮತ್ತೆ ಓದಿದೆ. ಕೂಡಲೇ ನಿನ್ನ ಹಿಟ್ಟಿನ ಮಸಿಯನ್ನು ಸೂಕ್ಷ್ಮ ಪರೀಕ್ಷೆಗೆ ಹೈದರಾಬಾದಿಗೆ ಕಳಿಸಿದೆ. ಹೋದ ವಾರ ವರದಿ ಬಂತು. ಅದರಲ್ಲಿ ಕಬ್ಬಿಣ ಇದೆ, ಆಯಿ. ನಮ್ಮ ಕಾಲೇಜಿನ ಯಂತ್ರಕ್ಕೆ ಕಾಣದಷ್ಟು, ಆದರೆ ಕೆಲಸ ಮಾಡುವಷ್ಟು.

ಹುಳಿ ನಿನ್ನ ಕಡಾಯಿಯಿಂದ ಕಬ್ಬಿಣ ಎಳೆದಿದೆ. ಕಾಳು ಅದನ್ನು ಕುಡಿದಿದೆ. ಸುಟ್ಟಾಗ ಮಸಿಯೊಳಗಿನ ಸಾರಜನಕ ಆ ಕಬ್ಬಿಣವನ್ನು ಗಟ್ಟಿಯಾಗಿ ಹಿಡಿದುಕೊಂಡಿದೆ. ಆಮ್ಲದಲ್ಲಿ ತೊಳೆದರೂ ಬಿಟ್ಟುಕೊಟ್ಟಿಲ್ಲ. ಆಮ್ಲಜನಕವನ್ನು ಪುಸಲಾಯಿಸಿದ್ದು ಹಾಗೆ ಕೂಡಿ ಕೂತ ಕಬ್ಬಿಣ ಮತ್ತು ಸಾರಜನಕ. ಬರೀ ಸಾರಜನಕದಿಂದ ಆಯಿತೆಂದು ನಾನು ಜಗತ್ತಿಗೆಲ್ಲ ಹೇಳಿದೆ. ‘ಲೋಹರಹಿತ’ ಎಂದು ಬರೆದೆ! ಹುಟ್ಟಿದಾಗಿನಿಂದ ಆ ಕಡಾಯಿ ನೋಡುತ್ತ ಬೆಳೆದವಳು ನಾನು, ಒಮ್ಮೆಯೂ ತಲೆಗೆ ಹೊಳೆಯಲಿಲ್ಲ. ತಪ್ಪು ನಿನ್ನದಲ್ಲ. ನೀನು ಹಾಗೆ ತಿಳಿದು ಕೊರಗಬೇಡ.

ಪ್ರವೀಣಕುಮಾರ ಸರ್‌ಗೆ ವರದಿ ತೋರಿಸಿದೆ. ಕನ್ನಡಕ ಒರೆಸಿಕೊಂಡು ಎರಡು ಸಲ ಓದಿದರು. ಆಮೇಲೆ, ‘ಡಿಸೆಂಬರ್‌ನಾಗ ಪ್ರಬಂಧ ಸಲ್ಲಿಸಿಬಿಡು. ಪದವಿ ಕೈಗಿ ಬರ್ಲಿ. ಆಮ್ಯಾಲ ಕಬ್ಬಿಣದ ಮಾತು ಹೇಳಿದ್ರಾತು. ಸುಳ್ಳು ಹೇಳು ಅನ್ನಂಗಿಲ್ಲ ನಾ, ತಡಾ ಮಾಡು ಅಂತೀನಿ’ ಅಂದರು.

ಅವರ ಮಾತು ಕೇಳುವಾಗ ಸರಿ ಅನಿಸಿತು. ಖೋಲಿಗೆ ಬಂದ ಮೇಲೆ ಅನಿಸಲಿಲ್ಲ. ಯಾರಾದರೂ ಕಂಡುಹಿಡಿದರೆ? ಕೆಟ್ಟ ಕೆಟ್ಟ ಕನಸು ಬೀಳುತ್ತವೆ. ಏನು ಮಾಡಲಿ ತಿಳಿಯುತ್ತಿಲ್ಲ.

ಮಾಯಾ


ಮೈಲೂರ, ಬೀದರ
೧೦ ಅಕ್ಟೋಬರ್ ೨೦೨೪

ಪ್ರಿಯ ಜೇಬಾ,

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸು. ಪ್ರಬಂಧದ ಗಡಿಬಿಡಿ. ನಿನ್ನ ಕುಲುಮೆಯ ಗ್ಯಾಸಿನ ಕೊಳವೆ ಎಲ್ಲಾದರೂ ಸೋರುತ್ತಿರಬಹುದು, ಒಮ್ಮೆ ನೋಡು. ಸ್ವಲ್ಪ ಗಾಳಿ ಹೊಕ್ಕರೂ ಮಸಿ ಕೆಡುತ್ತದೆ. ಧೈರ್ಯಗೆಡಬೇಡ.

ಮನೆಯಲ್ಲಿ ಎಲ್ಲರಿಗೂ ಕೇಳಿದೆನೆಂದು ಹೇಳು.

ಮಹಾಮಾಯಾ


ಠಾಣಾ ಕುಶನೂರ
೧೭ ಅಕ್ಟೋಬರ್ ೨೦೨೪

ಮಹಾಮಾಯಾಗ ಜಯಭೀಮ.

ನಾಗಪುರದಿಂದ ಮೊನ್ನಿ ಬಂದೇವಿ. ದೀಕ್ಷಾಭೂಮಿದಾಗ ಕಾಲಿಡಲಿಕ್ಕ ಜಾಗ ಇದ್ದಿದ್ದಿಲ್ಲ. ಆ ಗದ್ದಲದಾಗೂ ನನಗ ನಿನ್ನ ಕಾಗದದ್ದೇ ಚಿಂತಿ. ಕಡಾಯಿ ನೋಡಿದ್ರ ಸಂಕಟ ಆಗತದ. ತಪ್ಪು ನಂದಲ್ಲ ಅಂತ ನೀ ಬರದಿ ಖರೇ, ಆದ್ರೂ ಆಗತದ.

ನಿಮ್ಮ ಸರ್ ದೊಡ್ಡವರು, ಅವರ ಮಾತಿಗಿ ನಾ ಏನು ಅನ್ಲಿ? ಆದ್ರ ಊರಾಗ ಯಾವ ಪಾರಕ್ಕರ ನನ್ನ ಉಂಡಿ ತಿಂದು ಮೈ ಚಲೋ ಆದ್ರ ಅದರ ಅವ್ವ ಬಂದು ಕೇಳ್ತಾಳ, ‘ಏನ್ ಹಾಕಿದ್ರಿ ಬಾಯಿ?’ ನಾ ಎಲ್ಲಾ ಹೇಳೇ ಕಳಸ್ತೀನಿ. ಹುಳಿ ಬಿಟ್ಟು ಹೇಳಿದ್ರ ಅಕಿ ಪಾರ ಹ್ಯಾಂಗ ಚಲೋ ಆಗಬೇಕು?

ಇರ್ಲಿ. ಜೇಬಾಗಂತೂ ನೀ ಮೊದಲೇ ಹೇಳಿರ್ತಿ. ಅಕಿನೂ ಇದೇ ಕೆಲಸ ಮಾಡ್ತಾಳ ಅಂತ ಬರದಿದ್ದಿ, ಅಕಿಗಿ ಹೇಳದ ಯಾರಿಗಿ ಹೇಳ್ತಿ? ಹೊಸ ಸೋಯಾ ರಾಶಿ ಆತು. ಅಕಿಗೂ ಒಂದು ಚೀಲ ಹಿಟ್ಟು ಮಾಡಿ ಭಾಲ್ಕಿಗಿ ಹೋಗಿ ಕೊಟ್ಟು ಬರಬೇಕಂತ ಮಾಡೀನಿ. ಅಕಿ ಮಾರಿ ನೋಡಿ ಭಾಳ ದಿನಾ ಆತು.

ನಿನ್ನ ಆಯಿ
ಸುಭದ್ರಾಬಾಯಿ


ಮೈಲೂರ, ಬೀದರ
೨೧ ಅಕ್ಟೋಬರ್ ೨೦೨೪

ಆಯಿಗೆ ಜಯಭೀಮ.

ಅವಸರದಲ್ಲಿ ಬರೆಯುತ್ತಿದ್ದೇನೆ. ನೀನು ಭಾಲ್ಕಿಗೆ ಹೋಗುವುದು ಬೇಡ. ದೀಪಾವಳಿಯ ಗದ್ದಲ, ಬಸ್ಸು ತುಂಬಿರುತ್ತವೆ, ನಿನಗೆ ಕಿವಿ ಬೇರೆ ಕೇಳುವುದಿಲ್ಲ, ಇಳಿಯುವ ಸ್ಟಾಪು ತಪ್ಪಿದರೆ ಏನು ಗತಿ? ಚೀಲವನ್ನು ನನಗೇ ಕಳಿಸು. ನಾನೇ ಅವಳಿಗೆ ಮುಟ್ಟಿಸುತ್ತೇನೆ.

ದಯವಿಟ್ಟು ಹೋಗಬೇಡ.

ಮಾಯಾ


ಭಾಲ್ಕಿ
೨೩ ನವೆಂಬರ್ ೨೦೨೪

ಮಾಯಾ,

ದೀಪಾವಳಿಯ ಮರುವಾರ ಆಯಿ ಬಂದಿದ್ದರು. ಬಗಲಲ್ಲಿ ಚೀಲ, ತಲೆ ತುಂಬ ಸೆರಗು. ಬಾಗಿಲಲ್ಲಿ ನಿಂತು ಓಣಿಗೆಲ್ಲ ಕೇಳುವಂತೆ, ‘ಜೇಬಾ, ಸೊರಗಿದಿಯಲ್ಲವ್ವಾ!’ ಎಂದು ಕೂಗಿದರು. ನೀನು ಬೇಡ ಅಂದಿದ್ದೆಯಂತೆ. ‘ಅಕಿಗಿ ನನ್ನ ಮ್ಯಾಲ ಭಾಳ ಕಾಳಜಿ’ ಎಂದು ನಕ್ಕರು.

ಅಮ್ಮಿ ಚಹಾ ಕೊಟ್ಟಳು. ಆಯಿ ಕುಡಿಯುತ್ತ ಎಲ್ಲ ಹೇಳಿದರು. ಕಡಾಯಿ, ಹುಣಸೆ, ಹೈದರಾಬಾದಿನ ವರದಿ, ನಿಮ್ಮ ಸರ್ ಹೇಳಿದ್ದು. ಯಾವ ದಿನ ನಿನ್ನ ಕಾಗದ ಬಂತು ಎಂಬುದನ್ನೂ ಹೇಳಿದರು. ಗ್ಯಾಸಿನ ಕೊಳವೆ ನೋಡು ಎಂದು ನೀನು ನನಗೆ ಬರೆದದ್ದು ಅದರ ಆಮೇಲೆ. ನಿನ್ನ ಮಾತು ನಂಬಿ ನಾನು ಇಡೀ ಕುಲುಮೆ ಬಿಚ್ಚಿ ಕೂತಿದ್ದೆ, ಮಾಯಾ. ಕೊಳವೆ ಗಟ್ಟಿಯಾಗೇ ಇತ್ತು.

ಹೇಳಿ ಮುಗಿಸಿ ಆಯಿ ನನ್ನ ಕೈ ಹಿಡಿದು ಕೇಳಿದರು, ‘ಇದೆಲ್ಲಾ ನಿನಗ ಹೊಸಾದಲ್ಲ, ಮಾಯಾ ಮೊದಲೇ ಹೇಳಿರ್ತಾಳಲ್ಲ?’

ಅವರಿಗೆ ಕಿವಿ ಕೇಳುವುದಿಲ್ಲ. ನನ್ನ ಬಾಯನ್ನೇ ನೋಡುತ್ತ ಕೂತಿದ್ದರು. ‘ಹೌದ್ರಿ ಆಯಿ, ಹೇಳ್ಯಾಳ’ ಅಂದೆ.

ಅವರ ಹಿಟ್ಟಿನಿಂದ ಮಸಿ ಮಾಡಿದೆ. ಕೋಶ ನಡೆಯುತ್ತಿದೆ. ಶುಕ್ರವಾರ ಸಮಿತಿ. ಅಲ್ಲಿ ಕಬ್ಬಿಣದ ಮಾತು ನಾನು ಹೇಳಲೇಬೇಕು, ಹೇಳಿದರೆ ನಿನ್ನ ಲೇಖನ ಸುಳ್ಳಾಗುತ್ತದೆ. ನೀನೇ ಬಂದು ಹೇಳುವುದಾದರೆ ಬಾ. ಬರದಿದ್ದರೂ ನಾನು ಹೇಳುವವಳೇ. ನನ್ನನ್ನು ದೊಡ್ಡ ಮನಸ್ಸಿನವಳು ಎಂದು ತಿಳಿಯಬೇಡ. ಆಯಿಯ ಮುಂದೆ ಸುಳ್ಳು ಹೇಳಿದ್ದು ನಿನಗೋಸ್ಕರ ಅಲ್ಲ.

ಜೇಬಾ


ಮೈಲೂರ, ಬೀದರ
೩ ಡಿಸೆಂಬರ್ ೨೦೨೪

ಆಯಿಗೆ ಜಯಭೀಮ.

ಶುಕ್ರವಾರ ಭಾಲ್ಕಿಗೆ ಹೋಗಿದ್ದೆ. ಜೇಬಾಳ ಸಮಿತಿಯ ಮುಂದೆ ನಿಂತು, ನನ್ನ ಲೇಖನದಲ್ಲಿ ಇರುವುದು ತಪ್ಪು, ಇವಳ ಕೈಯಲ್ಲಿ ಯಾವ ದೋಷವೂ ಇಲ್ಲ ಎಂದು ಹೇಳಿದೆ. ಹೈದರಾಬಾದಿನ ವರದಿ ಕೊಟ್ಟೆ. ತಪ್ಪು ಅವಳ ಕೈಯದೆಂದು ಮೂದಲಿಸಿದ್ದ ಅವಳ ಸರ್ ಅದನ್ನು ಓದಿ ಸಮಿತಿಯವರ ಕಡೆ ಸರಿಸಿದರು. ಆಮೇಲೆ ಜೇಬಾ ತನ್ನ ಕೋಶವನ್ನು ಮೇಜಿನ ಮೇಲೆ ಇಟ್ಟು ಒಂದು ಪುಟ್ಟ ಫ್ಯಾನಿಗೆ ಜೋಡಿಸಿದಳು. ಫ್ಯಾನು ತಿರುಗಿತು. ಅವಳ ಹೆಸರು ಉಳಿಯಿತು.

ಪತ್ರಿಕೆಯವರಿಗೆ ಲೇಖನ ಹಿಂತೆಗೆದುಕೊಳ್ಳುತ್ತೇನೆಂದು ಬರೆದಿದ್ದೇನೆ. ಪ್ರವೀಣಕುಮಾರ ಸರ್ ಮೊದಲು ಕೂಗಾಡಿದರು, ಆಮೇಲೆ ತಾವೂ ಸಹಿ ಹಾಕಿದರು. ಈ ಡಿಸೆಂಬರಿನಲ್ಲಿ ಪ್ರಬಂಧವಿಲ್ಲ. ಕಬ್ಬಿಣದಿಂದಲೇ ಮತ್ತೆ ಶುರು ಮಾಡಬೇಕು. ಇನ್ನೆಷ್ಟು ಕಾಲ ಹಿಡಿಯುತ್ತದೋ ಗೊತ್ತಿಲ್ಲ. ಬಾಬಾಗೆ ನೀನೇ ಹೇಗಾದರೂ ಹೇಳು, ನನಗೆ ಧೈರ್ಯವಿಲ್ಲ.

ಎಲ್ಲ ಮುಗಿದ ಮೇಲೆ ಜೇಬಾಗಾಗಿ ಬಾಗಿಲಲ್ಲಿ ಕಾದೆ. ಅವಳು ಬಂದು, ‘ಬಸ್ ತಪ್ಪತದ, ಹೋಗು’ ಅಂದಳು. ಅಷ್ಟಂದು ಒಳಗೆ ಹೋದಳು. ಬೇರೆ ಮಾತು ಕೇಳುವ ಮುಖ ನನಗೂ ಇರಲಿಲ್ಲ.

ಇವತ್ತು ನಿನ್ನ ಚೀಟಿ ಬಂತು. ‘ನೀ ಮೊದಲೇ ಎಲ್ಲಾ ಹೇಳಿದ್ದಿ ಅಂತ ಜೇಬಾ ಹೇಳಿದ್ಳು. ನನ್ನ ಮಗಳು ಹೊಟ್ಟಿದಾಗ ಇಟ್ಕೊಳ್ಳಾಕಿ ಅಂತ ಸುಮ್ಮನ ಅಂದೆ, ನನಗ ಎದಿ ತುಂಬಿ ಬಂತು’ ಎಂದು ಬರೆದಿದ್ದೀಯ. ಅದನ್ನು ಓದಿದಾಗಿನಿಂದ ಅಳು ನಿಂತಿಲ್ಲ.

ಅಕಿ ನಿನ್ನ ಮನಸ್ಸು ನೋಯಬಾರದಂತ ಹಂಗ ಹೇಳ್ಯಾಳ. ನಾ ಅಕಿಗಿ ಹೇಳಿದ್ದಿಲ್ಲ, ಆಯಿ.

ಮಾಯಾ